ಊರು ಪಟ್ಟಣವಾಗುವಾಗ
(ಗಡಿನಾಡಿನ ಕನ್ನಡ ಗ್ರಾಮಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಗಡಿನಾಡಿನ ಅನೇಕ ಗ್ರಾಮಗಳ ಎಲ್ಲೆಗೆ ಪಟ್ಟಣವು ಬಂದು ತಗುಲಿದೆ. ಹೊಲವಿದ್ದಲ್ಲಿ ನಿವೇಶನಗಳು, ಬಾವಿಯಿದ್ದಲ್ಲಿ ನಲ್ಲಿಗಳು. ಸೊಲ್ಲಾಪುರವು 1964ರಲ್ಲಿಯೂ ಹೊಸೂರು 2019ರಲ್ಲಿಯೂ ಮಹಾನಗರಪಾಲಿಕೆಗಳಾದವು. ಇಂದೋ ನಾಳೆಯೋ ನಮ್ಮ ಗ್ರಾಮಪಂಚಾಯತಿಯ ಹಲಗೆಯೂ ಇಳಿದೀತು. ಊರಿಗೆ ದೊಡ್ಡಸ್ತಿಕೆ ಬಂದಿತೆಂದು ಕೆಲವರು ಹಿಗ್ಗುವರು. ಮನೆಕಂದಾಯ ಏರುವುದೆಂದು ಕೆಲವರು ಕೊರಗುವರು. ನಮ್ಮ ನುಡಿಯ ಗತಿಯೇನೆಂದು ಕೇಳುವವರು ಮಾತ್ರ ವಿರಳ.

1992ರಲ್ಲಿ ಅಂಗೀಕೃತವಾಗಿ 1993ರ ಜೂನ್ 1ರಿಂದ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ಮೂರು ಬಗೆಯ ನಗರಾಡಳಿತವನ್ನು ಹೇಳುತ್ತದೆ. ಹಳ್ಳಿಯಿಂದ ಪಟ್ಟಣದತ್ತ ದಾಟುತ್ತಿರುವ ಪ್ರದೇಶಕ್ಕೆ ನಗರ ಪಂಚಾಯತಿ, ಚಿಕ್ಕ ನಗರಕ್ಕೆ ಪುರಸಭೆ, ದೊಡ್ಡ ನಗರಕ್ಕೆ ಮಹಾನಗರಪಾಲಿಕೆ. ಯಾವುದು ಚಿಕ್ಕದು, ಯಾವುದು ದೊಡ್ಡದೆಂಬುದನ್ನು ಮಾತ್ರ ಅಂಕೆಯಲ್ಲಿ ಹೇಳಲಿಲ್ಲ. ಜನಸಂಖ್ಯೆ, ಜನಸಾಂದ್ರತೆ, ಸ್ಥಳೀಯ ವರಮಾನ, ಬೇಸಾಯವಲ್ಲದ ಉದ್ಯೋಗ ಇವನ್ನು ನೋಡಿ ರಾಜ್ಯಪಾಲರು ಪ್ರಕಟಿಸತಕ್ಕದ್ದೆಂದು ಬಿಟ್ಟಿತು. ರಾಜ್ಯಪಾಲರೆಂದರೆ ಇಲ್ಲಿ ರಾಜ್ಯ ಸರಕಾರವೆಂದೇ ತಿಳಿಯಬೇಕು. ಆದುದರಿಂದ ರಾಜ್ಯಕ್ಕೊಂದು ಅಳತೆ. ಮಹಾರಾಷ್ಟ್ರದ 1965ರ ಕಾಯಿದೆಯು ನಗರಪರಿಷತ್ತುಗಳನ್ನು ಜನಸಂಖ್ಯೆಯ ಮೇಲೆ ಅ, ಬ, ಕ ಎಂದು ಮೂರು ವರ್ಗ ಮಾಡಿತು: ಲಕ್ಷ ದಾಟಿದ್ದು ಅ, 40,000ದಿಂದ ಲಕ್ಷದವರೆಗಿನದು ಬ, ಅದಕ್ಕೂ ಕಡಿಮೆಯದು ಕ. ತಮಿಳುನಾಡಿನಲ್ಲಿ ಪೇರೂರಾಟ್ಚಿಗಳ ದರ್ಜೆಯು ಬಹುಕಾಲದಿಂದ ವರಮಾನವನ್ನು ನೋಡಿ ನಿಶ್ಚಯವಾಗುತ್ತ ಬಂದಿದೆ. ಒಂದೆಡೆ ತಲೆಯ ಎಣಿಕೆ, ಇನ್ನೊಂದೆಡೆ ಚೀಲದ ತೂಕ!

ಜನಗಣತಿಯವರ ‘ಪಟ್ಟಣ’ವು ಬೇರೆ. 5,000 ಜನರಿರಬೇಕು, ದುಡಿಯುವ ಗಂಡಸರಲ್ಲಿ ನೂರಕ್ಕೆ 75 ಮಂದಿ ಬೇಸಾಯದ ಹೊರಗಿರಬೇಕು, ಚದರ ಕಿಲೋಮೀಟರಿಗೆ 400 ಜನರ ಸಾಂದ್ರತೆಯಿರಬೇಕು. ಈ ಮೂರೂ ಕೂಡಿದರೆ ಅವರ ಪುಸ್ತಕದಲ್ಲಿ ಅದು ಪಟ್ಟಣ. ಆಡಳಿತಕ್ಕೆ ಮಾತ್ರ ಗ್ರಾಮಪಂಚಾಯತಿಯೇ. 2011ರ ಗಣತಿಯ 7,935 ಪಟ್ಟಣಗಳಲ್ಲಿ 3,894 ಇಂಥವೇ ಆಗಿದ್ದವು. ‘ಗಣತಿಯಲ್ಲಿ ನಾವು ಪಟ್ಟಣವಾದೆವು’ ಎಂದು ಯಾರಾದರೂ ಹೇಳಿದರೆ ಹಿಗ್ಗಲೂ ಬೇಡ, ಅಂಜಲೂ ಬೇಡ. ಸರಕಾರದ ಅಧಿಸೂಚನೆಯಾದಾಗಲೇ ಕಾಯಿದೆ ಬದಲಾಗುವುದು.

ಬದಲಾದರೆ ಏನು ಹೋಗುತ್ತದೆ? ಮೊದಲನೆಯದಾಗಿ ಗ್ರಾಮಸಭೆ. ಊರಿನ ಮತದಾರರೆಲ್ಲರೂ ಕೂಡುವ ಆ ಸಭೆಯಲ್ಲಿ ನಮ್ಮ ಅಜ್ಜಿಯೂ ಎದ್ದುನಿಂತು ಕನ್ನಡದಲ್ಲಿ ನೀರಿನ ತೊಂದರೆಯನ್ನು ಹೇಳಬಲ್ಲಳು. ನಗರಕ್ಕೆ ಸಂವಿಧಾನವು ಅಂಥ ಸಭೆಯನ್ನು ವಿಧಿಸಿಲ್ಲ. ಮೂರು ಲಕ್ಷ ಜನರಿರುವ ನಗರಗಳಲ್ಲಿ ಮಾತ್ರ ವಾರ್ಡ್ ಸಮಿತಿಗಳು ಕಡ್ಡಾಯ. ಕೇರಳವು ತನ್ನ 1994ರ ಕಾಯಿದೆಯಲ್ಲಿ ವಾರ್ಡ್ ಸಭೆಗೆ ಎಡೆಮಾಡಿತೆಂಬುದು ಮೆಚ್ಚತಕ್ಕ ಸಂಗತಿ. ಕೂಲಿಕಾರರ ಮಾತೂ ಉಂಟು: 2005ರ ಉದ್ಯೋಗ ಖಾತರಿ ಕಾಯಿದೆಯು ಗ್ರಾಮಾಂತರಕ್ಕೆ ಮಾತ್ರ ಅನ್ವಯಿಸಿದ್ದರಿಂದ, ನಗರಾಡಳಿತಕ್ಕೆ ಸೇರಿದ ಊರು ಅದರ ಹೊರಗಾಯಿತು.

ಇನ್ನು ನುಡಿಯ ಲೆಕ್ಕ. ರಾಜ್ಯಗಳ ಪುನರ್ವಿಂಗಡಣೆಯ ಕಾಲದಲ್ಲಿ, 1956ರಲ್ಲಿ, ಕೇಂದ್ರ ಸರಕಾರವು ಒಂದು ಜ್ಞಾಪನಪತ್ರವನ್ನು ಸಂಸತ್ತಿನ ಮುಂದಿಟ್ಟಿತು. ಪುರಸಭೆ ಅಥವಾ ತಾಲ್ಲೂಕಿನಂಥ ಪ್ರದೇಶದಲ್ಲಿ ಅಲ್ಪಸಂಖ್ಯಾತ ಭಾಷಿಕರು ನೂರಕ್ಕೆ 15ರಿಂದ 20ರಷ್ಟಿದ್ದರೆ ಮುಖ್ಯ ಪ್ರಕಟಣೆಗಳನ್ನೂ ನಿಯಮಗಳನ್ನೂ ಅವರ ಭಾಷೆಯಲ್ಲಿಯೂ ಹೊರಡಿಸುವುದು ಉಚಿತವೆಂದು ಅದರಲ್ಲಿದೆ. ಇದು ಕಾಯಿದೆಯಲ್ಲ, ಒಪ್ಪಿಕೊಂಡ ಮಾತು; ಕೇಳದಿದ್ದರೆ ಮರೆತುಹೋಗುವಂಥದು.

ಒಂದು ಕಲ್ಪಿತ ಲೆಕ್ಕವನ್ನು ಮಾಡೋಣ. 4,000 ಜನರ ಗ್ರಾಮ. ಅದರಲ್ಲಿ 3,000 ಕನ್ನಡಿಗರು. ಪಕ್ಕದ 40,000ದ ಪಟ್ಟಣದಲ್ಲಿ ಕನ್ನಡಿಗರು 2,000. ಎರಡೂ ಕೂಡಿದರೆ 44,000ದಲ್ಲಿ 5,000, ಅಂದರೆ ನೂರಕ್ಕೆ 11 ಚಿಲ್ಲರೆ. ನಿನ್ನೆ ನಾಲ್ಕರಲ್ಲಿ ಮೂರು ಪಾಲಿದ್ದವರು ಇಂದು 15ರ ಗೆರೆಯ ಕೆಳಗೆ! ಯಾರೂ ಊರು ಬಿಡಲಿಲ್ಲ, ಯಾರೂ ನುಡಿ ಮರೆಯಲಿಲ್ಲ. ನಕಾಶೆಯ ಗೆರೆಯೊಂದು ಸರಿಯಿತು. ಇದಕ್ಕೆ ವಿರುದ್ಧವಾಗಿಯೂ ಆಗಬಹುದು. 20,000ದ ಪಟ್ಟಣದಲ್ಲಿ 2,000 ಕನ್ನಡಿಗರು, ಅಂದರೆ ನೂರಕ್ಕೆ 10. ಅದಕ್ಕೆ 6,000 ಜನರ ಮೂರು ಹಳ್ಳಿಗಳು ಸೇರಿ, ಅವರಲ್ಲಿ 4,000 ಮಂದಿ ಕನ್ನಡಿಗರಾದರೆ, ಕೂಡಿದ ನಗರದಲ್ಲಿ ನಮ್ಮ ಪಾಲು 23 ಆಗುತ್ತದೆ. ಪಟ್ಟಣದ ಕನ್ನಡಿಗರಿಗೂ ದಾರಿ ತೆರೆಯುತ್ತದೆ. ಆದುದರಿಂದ ವಿಲೀನವೆಂದೊಡನೆ ಧಿಕ್ಕಾರ ಕೂಗುವವರನ್ನು ನಾವು ಒಪ್ಪಲಾರೆವು. ಮೊದಲು ಲೆಕ್ಕ, ಆಮೇಲೆ ಕೂಗು. ವಾರ್ಡುಗಳನ್ನು ಗೆರೆಯೆಳೆದು ವಿಂಗಡಿಸುವಾಗಲೂ ಹೀಗೆಯೇ: ಒಂದು ಕನ್ನಡ ಕೇರಿಯನ್ನು ನಡುವೆ ಸೀಳಿದರೆ ಎರಡು ವಾರ್ಡಿನಲ್ಲಿಯೂ ಅದು ಬಾಲವಾಗುತ್ತದೆ.

ಎಲ್ಲೆಯನ್ನು ಬದಲಿಸುವ ಮುನ್ನ ಪ್ರಕಟಣೆ ಹೊರಡಿಸಿ ಆಕ್ಷೇಪಣೆಗಳನ್ನು ಕರೆಯುವ ಪದ್ಧತಿಯುಂಟು. ಗಡುವು ಆ ಪ್ರಕಟಣೆಯಲ್ಲಿಯೇ ಇರುತ್ತದೆ; ಅದನ್ನು ಕಚೇರಿಯ ಗೋಡೆಯ ಮೇಲೆ ಓದುವ ಒಬ್ಬ ಯುವಕನನ್ನು ಪ್ರತಿ ಊರೂ ಗೊತ್ತುಮಾಡಲಿ. ಅರ್ಜಿಯಲ್ಲಿ ಗೋಳಾಟ ಬೇಡ: ಮನೆಗಳೆಷ್ಟು, ಕನ್ನಡ ಮನೆಗಳೆಷ್ಟು, ಯಾವ ಗೆರೆಯಿಂದ ಪಾಲು ಎಷ್ಟಾಗುತ್ತದೆ, ಇಷ್ಟು ಸಾಕು. ಜನಗಣತಿಯವರು ಬಂದಾಗ ತಾಯ್ನುಡಿಯನ್ನು ನೀವೇ ಹೇಳಿ ಬರೆಯಿಸಿರಿ. ಮನೆಯಲ್ಲಿ ತುಳು, ಕೊಂಕಣಿಗಳನ್ನಾಡುವವರು ಅವನ್ನೇ ಬರೆಯಿಸಲಿ. ಸುಳ್ಳು ಲೆಕ್ಕವು ನಮಗೆ ಬೇಕಿಲ್ಲ.

ಅರ್ಜಿಯನ್ನು ಯಾವ ಭಾಷೆಯಲ್ಲಿ ಬರೆಯಬೇಕೆಂದು ಅಳುಕಬೇಡಿರಿ. ಕುಂದುಕೊರತೆಯ ಮನವಿಯನ್ನು ಕೇಂದ್ರದಲ್ಲಾಗಲಿ ಆ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸಬಹುದೆಂದು ಸಂವಿಧಾನದ 350ನೆಯ ವಿಧಿಯು ಹೇಳುತ್ತದೆ. ಒಂದು ಪ್ರತಿಯನ್ನು ಭಾಷಾ ಅಲ್ಪಸಂಖ್ಯಾತರ ಕಮಿಷನರರ ಕಚೇರಿಗೂ ಕಳುಹಿಸಿರಿ. ಇನ್ನು ಶಾಲೆಯ ಮಾತು: ತರಗತಿಯಲ್ಲಿ 10 ಅಥವಾ ಶಾಲೆಯಲ್ಲಿ 40 ಮಕ್ಕಳಿದ್ದರೆ ಪ್ರಾಥಮಿಕ ಶಿಕ್ಷಣಕ್ಕೆ ತಾಯ್ನುಡಿಯ ಉಪಾಧ್ಯಾಯರನ್ನು ಕೊಡಬೇಕೆಂಬ 1949ರ ಒಪ್ಪಂದವು ಊರು ಹಳ್ಳಿಯೋ ನಗರವೋ ಎಂದು ಕೇಳುವುದಿಲ್ಲ. ವಿಲೀನದ ನೆಪದಲ್ಲಿ ಕನ್ನಡ ಶಾಲೆಯನ್ನು ಮುಚ್ಚುವ ಮಾತು ಬಂದರೆ ಹಾಜರಿ ಪುಸ್ತಕವನ್ನು ಮುಂದಿಡಿರಿ.