ಯಾರು ಬಂದಿಲ್ಲ ಎಂದು ಕೇಳೋಣ

(ಶಾಲೆಯ ಸುವರ್ಣ ಮಹೋತ್ಸವದ ವಿಚಾರಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿನಿ, ನಿವೃತ್ತ ಶುಶ್ರೂಷಕಿಯೊಬ್ಬರು ಮಾಡಿದ ಭಾಷಣ)



ಆರೋಗ್ಯ ಸೇವೆಯಲ್ಲಿ ಸಮಾನತೆಯ ಬಗ್ಗೆ ಮಾತನಾಡಲು ಹೇಳಿದ್ದೀರಿ. ಕಾನೂನಿನ ಮಾತನ್ನು ಮೊದಲು ಮುಗಿಸುತ್ತೇನೆ. ನಮ್ಮ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ. ಅಸ್ಪೃಶ್ಯತೆಯ ಕಾರಣಕ್ಕೆ ಯಾರನ್ನಾದರೂ ಆಸ್ಪತ್ರೆಗೆ ಸೇರಿಸಿಕೊಳ್ಳದಿದ್ದರೆ ಅದು ಅಪರಾಧವೆಂದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಹಾಗಾಗಿ ಇಂದು ಬಾಗಿಲಲ್ಲಿ ನಿಂತು "ನಿನ್ನ ಜಾತಿ ಯಾವುದು" ಎಂದು ಕೇಳುವ ಧೈರ್ಯ ಯಾರೂ ಸುಲಭವಾಗಿ ಮಾಡುವುದಿಲ್ಲ.

ಆದರೆ ಬಾಗಿಲು ದಾಟಿದ ಮೇಲೆ ಭೇದ ಬೇರೆ ವೇಷದಲ್ಲಿ ಬರುತ್ತದೆ. ಒಬ್ಬರಿಗೆ "ಬನ್ನಿ ಅಮ್ಮಾ, ಕೂತ್ಕೊಳ್ಳಿ" ಎನ್ನುವ ಬಾಯಿಯೇ ಇನ್ನೊಬ್ಬರಿಗೆ "ಏ, ಅಲ್ಲೇ ನಿಂತ್ಕೋ" ಎನ್ನುತ್ತದೆ. ಒಬ್ಬರ ನಾಡಿ ಹಿಡಿದು ನೋಡುವ ಕೈ, ಇನ್ನೊಬ್ಬರಿಗೆ ಗುಳಿಗೆಯನ್ನು ಮೇಲಿಂದ ಹಾಕುತ್ತದೆ. ಸಂಘಮಿತ್ರಾ ಆಚಾರ್ಯ ಎಂಬ ವಿದ್ವಾಂಸರು ಗುಜರಾತ್ ಮತ್ತು ರಾಜಸ್ಥಾನದ ಹಳ್ಳಿಗಳಲ್ಲಿ ದಲಿತ ಮಕ್ಕಳನ್ನೇ ಕೂರಿಸಿಕೊಂಡು ಕೇಳಿದಾಗ, ಔಷಧಿ ಕೊಡುವಾಗ ಮುಟ್ಟದಿರುವುದು, ಆರೋಗ್ಯ ಕಾರ್ಯಕರ್ತರು ಮನೆಯ ಹೊಸ್ತಿಲು ದಾಟದಿರುವುದು, ಇಂಥವೇ ಹೊರಬಂದವು. ಇವು ಯಾವ ರಿಜಿಸ್ಟರಿನಲ್ಲೂ ದಾಖಲಾಗುವುದಿಲ್ಲ. ಅವಮಾನವಾದ ತಾಯಿ ಜಗಳವಾಡುವುದಿಲ್ಲ. ಮುಂದಿನ ಸಲ ಬರುವುದಿಲ್ಲ, ಅಷ್ಟೇ. ಬಿ.ಪಿ. ಏರಿದ್ದು, ರಕ್ತ ಕಡಿಮೆಯಾಗಿದ್ದು ಹೆರಿಗೆ ನೋವು ಬಂದ ರಾತ್ರಿಯೇ ಗೊತ್ತಾಗುತ್ತದೆ.

ನಮ್ಮ ಸುತ್ತಲಿನ ತಾಂಡಾಗಳನ್ನು ನೋಡಿ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ, 450ಕ್ಕೂ ಹೆಚ್ಚು ಲಂಬಾಣಿ ಹೆಣ್ಣುಮಕ್ಕಳ ಕಸೂತಿ ಗಿನ್ನೆಸ್ ದಾಖಲೆ ಸೇರಿತು. ಸಂಡೂರಿನ ಆ ಕಸೂತಿಯನ್ನು ಪ್ರಪಂಚವೇ ಮೆಚ್ಚಿತು. ಅದೇ ತಾಯಿ ಆಸ್ಪತ್ರೆಗೆ ಬಂದು ತನ್ನ ನೋವನ್ನು ತನ್ನ ಮಾತಿನಲ್ಲಿ ಹೇಳಿದರೆ ಕೇಳುವ ತಾಳ್ಮೆ ನಮಗಿದೆಯೇ? ತೋರಣಗಲ್ಲಿಗೆ ದುಡಿಯಲು ಬಂದ ಹೊರರಾಜ್ಯದ ಕೂಲಿಯವರದೂ ಇದೇ ಪಾಡು.

ಇದು ನಮ್ಮ ದೇಶದ ಕಥೆ ಮಾತ್ರವಲ್ಲ. ಕೊರೊನಾ ಕಾಲದಲ್ಲಿ ಬೆರಳಿಗೆ ಸಿಕ್ಕಿಸುತ್ತಿದ್ದ ಆಕ್ಸಿಮೀಟರ್ ನಿಮಗೆಲ್ಲ ನೆನಪಿರಬೇಕು. 2020ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು ಲೆಕ್ಕ ಹಾಕಿ ನೋಡಿದರು. ರಕ್ತದಲ್ಲಿ ಆಮ್ಲಜನಕ ಕುಸಿದಿದ್ದರೂ ಯಂತ್ರ ಸರಿಯಿದೆ ಎಂದು ತೋರಿಸುವುದು ಬಿಳಿಯರಿಗಿಂತ ಕಪ್ಪು ಜನರಲ್ಲಿ ಸುಮಾರು ಮೂರು ಪಟ್ಟು ಹೆಚ್ಚಾಗಿತ್ತು. ಯಂತ್ರಕ್ಕೆ ದ್ವೇಷವಿಲ್ಲ. ಆದರೂ ಅದು ಒಂದು ಬಣ್ಣದವರಿಗೆ ಹೆಚ್ಚು ತಪ್ಪು ಹೇಳುತ್ತಿತ್ತು. ಯಾರಿಗೆ ಹೇಗೆ ಆಗುತ್ತಿದೆ ಎಂದು ಬೇರೆ ಬೇರೆಯಾಗಿ ಎಣಿಸಿದ್ದರಿಂದಲೇ ಅದು ಬಯಲಾಯಿತು.

ಸರಿಪಡಿಸಿದ ಉದಾಹರಣೆ ನಮ್ಮ ಕರ್ನಾಟಕದಲ್ಲೇ ಇದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಆಸ್ಪತ್ರೆಗೆ ಬರಲಿ ಎಂದು ಡಾ. ಎಚ್. ಸುದರ್ಶನ್ ಕಾಯಲಿಲ್ಲ. ತಾವೇ ಅವರಿದ್ದಲ್ಲಿಗೆ ಹೋದರು. 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರುವಾಯಿತು. ಸೋಲಿಗರಲ್ಲಿ ಕುಡಗೋಲು ಕಣ ರಕ್ತಹೀನತೆ ಇರುವುದು ಪರೀಕ್ಷೆಯಿಂದ ತಿಳಿಯಿತು. ಮೈಕೈ ನೋವೆಂದವರಿಗೆ ನೋವಿನ ಗುಳಿಗೆ ಕೊಟ್ಟು ಕಳಿಸಿದ್ದರೆ ಅದು ಗೊತ್ತಾಗುತ್ತಲೇ ಇರಲಿಲ್ಲ. ಇನ್ನೂ ದೊಡ್ಡ ಮಾತೆಂದರೆ, ಗಿರಿಜನ ಹೆಣ್ಣುಮಕ್ಕಳೇ ಅಲ್ಲಿ ದಾದಿಯರಾಗಿ ತರಬೇತಿ ಪಡೆದರು. ತಮ್ಮವರೇ ಸೂಜಿ ಹಿಡಿದಾಗ ಭಯ ಅರ್ಧ ಹೋಗುತ್ತದೆ.

ಈ ಮಾತನ್ನು ಶಾಲೆಯಲ್ಲಿ ಏಕೆ ಆಡುತ್ತಿದ್ದೇನೆ? ನಾಳೆ ಆಶಾ, ಅಂಗನವಾಡಿ ಕಾರ್ಯಕರ್ತೆ, ನರ್ಸ್, ಡಾಕ್ಟರ್, 108ರ ಚಾಲಕ ಆಗುವವರು ಇಲ್ಲಿ ಕೂತಿರುವ ಮಕ್ಕಳೇ. ಬಿಸಿಯೂಟಕ್ಕೆ ಒಂದೇ ಸಾಲಿನಲ್ಲಿ ಕೂತವರಿಗೆ, ಒಂದೇ ಬೆಂಚಿನಲ್ಲಿ ಭುಜಕ್ಕೆ ಭುಜ ತಾಗಿಸಿ ಓದಿದವರಿಗೆ, ರೋಗಿಯ ಕೈ ಹಿಡಿಯಲು ಹಿಂಜರಿಕೆ ಬರಬಾರದು. ಇಲ್ಲಿ ಬೇರೆ ಕೂರಿಸಿದರೆ ಅಲ್ಲಿಯೂ ಬೇರೆ ನಿಲ್ಲಿಸುತ್ತಾರೆ.

ಹಿರಿಯರಲ್ಲಿ ನನ್ನದೊಂದು ಬೇಡಿಕೆ. ಊರಿನಲ್ಲಿ ಆರೋಗ್ಯ ಶಿಬಿರವಾದಾಗ "ಎಷ್ಟು ಜನ ಬಂದರು" ಎಂದು ಲೆಕ್ಕ ಹೇಳಿ ಚಪ್ಪಾಳೆ ತಟ್ಟುತ್ತೇವೆ. ಇನ್ನು ಮುಂದೆ "ಯಾರು ಬಂದಿಲ್ಲ" ಎಂದೂ ಕೇಳೋಣ. ಯಾವ ಕೇರಿಯಿಂದ, ಯಾವ ತಾಂಡಾದಿಂದ, ಯಾವ ಕೂಲಿ ಶೆಡ್ಡಿನಿಂದ ಒಬ್ಬರೂ ಬಂದಿಲ್ಲ ಎಂದು ಬರೆದಿಡೋಣ. ಮರುದಿನ ಅಲ್ಲಿಗೆ ಹೋಗೋಣ. ಹೊಸ್ತಿಲು ದಾಟಿ ಒಳಗೆ ಕೂತು, ಅವರು ಕೊಟ್ಟ ನೀರು ಕುಡಿದು, ಏಕೆ ಬರಲಿಲ್ಲ ಎಂದು ಕೇಳೋಣ. ಗ್ರಾಮಸಭೆಯಲ್ಲಿ ಆ ಉತ್ತರವನ್ನು ಓದೋಣ.

ಈ ಕೆಲಸಕ್ಕೆ ಹೊಸ ಕಟ್ಟಡವೂ ಬೇಡ, ಅನುದಾನವೂ ಬೇಡ.