ಕೂಸಿನ ಮೊದಲ ತುತ್ತು



ಕೂಸಿಗೆ ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲೊಂದೇ ಸಾಕು. ಆಮೇಲೆ ಅದೊಂದೇ ಸಾಲದು. ಹುಟ್ಟುವಾಗ ಮೈಯಲ್ಲಿ ತಂದ ಕಬ್ಬಿಣಾಂಶವೂ ಅಷ್ಟರಲ್ಲಿ ತೀರುತ್ತ ಬಂದಿರುತ್ತದೆ.

ಆಗ ಎಷ್ಟೋ ಮನೆಗಳಲ್ಲಿ ಬೇಳೆಯ ತಿಳಿಕಟ್ಟು ಕುಡಿಸುತ್ತಾರೆ. ತಪ್ಪುವುದು ಇಲ್ಲಿಯೇ. ಏಳು ಕಿಲೋ ತೂಗುವ ಕೂಸಿನ ಹೊಟ್ಟೆ ಒಮ್ಮೆಗೆ ಹಿಡಿಯುವುದು ಸುಮಾರು 200 ಮಿಲಿಲೀಟರ್ ಮಾತ್ರ. ಅದು ನೀರಿನಿಂದಲೇ ತುಂಬಿದರೆ ಅಳು ನಿಲ್ಲುತ್ತದೆ, ತೂಕ ಏರುವುದಿಲ್ಲ.

ನಿಡಗುಂದಿ ಸೀಮೆಯಲ್ಲಿ ಜೋಳ, ತೊಗರಿಗೆ ಬರವಿಲ್ಲ. ಜೋಳದ ನುಚ್ಚನ್ನೂ ತೊಗರಿಬೇಳೆಯನ್ನೂ ಮೆತ್ತಗೆ ಬೇಯಿಸಿ, ನುಣ್ಣಗೆ ಕಿವುಚಿ, ತುಸು ತುಪ್ಪ ಬೆರೆಸಿರಿ. ಚಮಚ ಓರೆ ಮಾಡಿದರೆ ಹರಿದು ಬೀಳದಷ್ಟು ಗಟ್ಟಿಯಿರಲಿ. ಮೊದಲು ಎರಡು ಮೂರು ಚಮಚ, ದಿನಕ್ಕೆ ಎರಡು ಮೂರು ಸಲ. ಒಗ್ಗಿದಂತೆ ಬೇಯಿಸಿದ ಸೊಪ್ಪು, ತತ್ತಿ, ಬಾಳೆಹಣ್ಣು ಸೇರಲಿ. ತಾಯಿಯ ಹಾಲು ಎರಡು ವರ್ಷದವರೆಗೂ ಮುಂದುವರಿಯಲಿ. ವರ್ಷ ತುಂಬುವವರೆಗೆ ಜೇನುತುಪ್ಪ ನೆಕ್ಕಿಸಬೇಡಿ. ಉಣಿಸುವ ಮುನ್ನ ಸಾಬೂನಿನಿಂದ ಕೈ ತೊಳೆಯಿರಿ.

ಇದು ಅವ್ವ, ಅಜ್ಜಿಯರ ಕೆಲಸವೆಂದು ಸುಮ್ಮನಿರಬೇಡಿ. ಅಕ್ಕನ ಕೂಸು ಮನೆಯಲ್ಲಿದ್ದರೆ ಇಂದೇ ಆ ಚಮಚವನ್ನು ಓರೆ ಮಾಡಿ ನೋಡಿ. ತಿಂಗಳಿಗೊಮ್ಮೆ ಅಂಗನವಾಡಿಯಲ್ಲಿ ತೂಕ ಮಾಡಿಸಿ. ನೀವು ಓದಿದ ವಿಜ್ಞಾನ ಮೊದಲು ಫಲಿಸಬೇಕಾದದ್ದು ಆ ಪುಟ್ಟ ಬಟ್ಟಲಿನಲ್ಲಿ.