ಕೊಟ್ಟೂರು ಎಂದರೆ 24 ಬೈಟು



ವಿಜಯನಗರ ಎಂಬ ಹೆಸರನ್ನು ಅಂತರಜಾಲದಲ್ಲಿ ಹುಡುಕಿದವನ ಕಣ್ಣೆದುರಿಗೆ ಮೊದಲು ಬಂದು ನಿಲ್ಲುವುದು ಹಂಪೆಯ ಕಲ್ಲಿನ ರಥ, ಆಮೇಲೆ ವಿರೂಪಾಕ್ಷನ ಗೋಪುರ, ಅದಾದ ಬಳಿಕವೂ ಹಂಪೆಯೇ. 2021ರಲ್ಲಿ ಬಳ್ಳಾರಿಯಿಂದ ಬೇರೆಯಾಗಿ ಆ ಹೆಸರನ್ನೇ ಧರಿಸಿದ ಜಿಲ್ಲೆಯೊಂದಿದೆ, ಅದರಲ್ಲಿ ಹೊಸಪೇಟೆಯ ಹೊರತಾಗಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಗಳೆಂಬ ಐದು ತಾಲ್ಲೂಕುಗಳಿವೆ ಎಂಬ ಸಂಗತಿ ತಿಳಿಯಬೇಕಾದರೆ ಆತನು ಬಹು ಕೆಳಗಿನವರೆಗೆ ಇಳಿದುಹೋಗಬೇಕು. ಇದು ದೂರೆಂದು ತಿಳಿಯಬೇಡಿ. ಜಾಲತಾಣವೊಂದನ್ನು ಮೊದಲ ಬಾರಿಗೆ ಕಟ್ಟಲು ಹೊರಟ ನಮ್ಮ ಕಡೆಯ ಹುಡುಗನಿಗಾಗಲಿ ಹುಡುಗಿಗಾಗಲಿ ಇದಕ್ಕಿಂತ ದೊಡ್ಡ ಅನುಕೂಲ ಬೇರೆಯಿಲ್ಲ. ಏಕೆಂದರೆ ಯಾವ ಭಾಷೆ ಕಲಿಯಲಿ, ಯಾವ ಕೋರ್ಸಿಗೆ ಸೇರಲಿ ಎಂದು ತಿಂಗಳುಗಟ್ಟಲೆ ತೊಳಲುವವರಲ್ಲಿ ಬಹುಮಂದಿಗೆ ಕೊರತೆಯಾಗಿರುವುದು ವಿದ್ಯೆಯಲ್ಲ, ವಿಷಯ. ನಿಮಗಾದರೋ ವಿಷಯವು ಮನೆಯ ಬಾಗಿಲಲ್ಲೇ ಬಿದ್ದಿದೆ.

ಜಗತ್ತಿನ ಮೊದಲ ಜಾಲತಾಣ ಹೇಗಿತ್ತೆಂಬುದನ್ನು ಒಮ್ಮೆ ನೆನೆಯೋಣ. ಜಿನೀವಾ ನಗರದ ಬಳಿಯ ಸರ್ನ್ ಎಂಬ ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ಟಿಮ್ ಬರ್ನರ್ಸ್-ಲೀ ಎಂಬಾತನು 1991ರ ಆಗಸ್ಟ್ ತಿಂಗಳಲ್ಲಿ ಹೊರಜಗತ್ತಿಗೆ ಸಾರಿದ ಆ ತಾಣದಲ್ಲಿ ಚಿತ್ರವಿರಲಿಲ್ಲ, ಬಣ್ಣವಿರಲಿಲ್ಲ. ಇದ್ದುದು ಬರೆಹ, ಮತ್ತು ಒಂದು ಬರೆಹದಿಂದ ಇನ್ನೊಂದಕ್ಕೆ ದಾಟಿಸುವ ಕೊಂಡಿಗಳು, ಅಷ್ಟೇ. 1993ರ ಏಪ್ರಿಲ್ 30ರಂದು ಸರ್ನ್ ಸಂಸ್ಥೆಯು ಈ ತಂತ್ರವನ್ನು ಯಾರಿಂದಲೂ ಕಾಸು ಬಯಸದೆ ಲೋಕಕ್ಕೆ ಬಿಟ್ಟುಕೊಟ್ಟಿತು. ಕೂಡ್ಲಿಗಿಯ ವಿದ್ಯಾರ್ಥಿಯೊಬ್ಬ ಇಂದು ಯಾರ ಅಪ್ಪಣೆಯನ್ನೂ ಕೇಳದೆ ಪುಟವೊಂದನ್ನು ರಚಿಸಬಹುದಾಗಿರುವುದು ಆ ಔದಾರ್ಯದ ಫಲ.

ಈಗ ಕೆಲಸಕ್ಕೆ ಕೈಹಾಕೋಣ. ಗಣಕದಲ್ಲಿ ನೋಟ್‌ಪ್ಯಾಡ್ ತೆರೆಯಿರಿ. ಇಂಟರ್‌ನೆಟ್ ಬೇಡ, ಹಣ ಬೇಡ. ನಾವು ಬರೆಯಲಿರುವ ಎಚ್‌ಟಿಎಮ್‌ಎಲ್ ಎಂಬುದು ಪಾಠಕ್ಕೆ ಗುರುತು ಹಚ್ಚುವ ಒಂದು ಪದ್ಧತಿಯೇ ವಿನಾ ಲೆಕ್ಕ ಮಾಡುವ ಭಾಷೆಯಲ್ಲ. ಇದು ಶೀರ್ಷಿಕೆ, ಇದು ಕಂಡಿಕೆ, ಇದು ಚಿತ್ರ ಎಂದು ಕೋನಾಕಾರದ ಕಂಸಗಳೊಳಗೆ ಹೆಸರಿಟ್ಟು ಬ್ರೌಸರಿಗೆ ತಿಳಿಸುವುದಷ್ಟೇ ಅದರ ಕಾರ್ಯ. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ದೇವಾಲಯಕ್ಕೋ ತುಂಗಭದ್ರೆಯ ದಡದ ಕುರುವತ್ತಿಗೋ ಹೋಗಿ, ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳನ್ನು ನೋಡಿದವರಿಗೆ ಇದರ ವಿನ್ಯಾಸ ಹೊಸದಾಗಿ ತೋರಲಾರದು. ಅಂಥ ಶಾಸನಗಲ್ಲಿನ ನೆತ್ತಿಯಲ್ಲಿ ಸೂರ್ಯಚಂದ್ರರು, ಲಿಂಗ, ಆಕಳು-ಕರು. ಅದರ ಕೆಳಗೆ ಪಾಠ. ನಮ್ಮ ಪುಟಕ್ಕೂ ಹಾಗೆಯೇ ಹೆಡ್ ಎಂಬ ಶಿರೋಭಾಗ, ಬಾಡಿ ಎಂಬ ಒಡಲು ಇರುತ್ತವೆ. ಭೇದವಿಷ್ಟೇ: ಶಾಸನದ ಶಿರಸ್ಸು ಎಲ್ಲರಿಗೂ ಕಾಣುತ್ತದೆ, ಪುಟದ ಹೆಡ್ ಭಾಗದಲ್ಲಿ ಬರೆದದ್ದು ಬ್ರೌಸರಿಗೆ ಹೇಳಿದ ಗುಟ್ಟು.

ಆ ಗುಟ್ಟುಗಳೊಳಗೆ ಟೈಟಲ್ ಎಂಬುದೊಂದು ಮಾತ್ರ ಹೊರಕ್ಕೆ ಇಣುಕುತ್ತದೆ. ಹುಡುಕುವವನಿಗೆ ಮೊದಲು ಕಾಣುವುದು ಅದೇ. ಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಯಲ್ಲಿ ಬಿಲ್ಲನ್ನೇರಿದ ಗೊರವಯ್ಯನು ‘ಸದ್ದಲೇ’ ಎಂದು ಜನಸಾಗರವನ್ನು ಮೌನಗೊಳಿಸಿ ಒಂದೇ ಒಂದು ವಾಕ್ಯವನ್ನು ನುಡಿಯುತ್ತಾನಲ್ಲ, ನಿಮ್ಮ ಟೈಟಲ್ ಆ ಕಾರ್ಣಿಕದಷ್ಟೇ ಚಿಕ್ಕದಾಗಿರಲಿ. ಅದರಷ್ಟು ಗೂಢವಾಗಿರುವುದು ಬೇಡ. ಗೊರವಯ್ಯನ ನುಡಿಗೆ ವರ್ಷವಿಡೀ ಅರ್ಥ ಹೇಳುವವರಿದ್ದಾರೆ, ನಿಮ್ಮ ಪುಟಕ್ಕೆ ಇರುವುದಿಲ್ಲ.

ಒಡಲಿನೊಳಗೆ ಎಚ್1 ಎಂಬ ಗುರುತಿನಲ್ಲಿ ಊರಿನ ಹೆಸರು, ಪಿ ಎಂಬ ಗುರುತಿನಲ್ಲಿ ನಾಲ್ಕು ಮಾತು. ತೆರೆದ ಗುರುತನ್ನು ಓರೆಗೆರೆ ಸೇರಿಸಿ ಮುಚ್ಚಬೇಕು. ಕೊನೆಗೆ ತೆರೆದುದನ್ನು ಮೊದಲು ಮುಚ್ಚಬೇಕು. ಕಡತವನ್ನು ಇಂಡೆಕ್ಸ್ ಡಾಟ್ ಎಚ್‌ಟಿಎಮ್‌ಎಲ್ ಎಂಬ ಹೆಸರಿನಿಂದ ಉಳಿಸಿ. ಇಲ್ಲಿ ಆರಂಭಿಕರಲ್ಲಿ ಅನೇಕರು ಎಡವುತ್ತಾರೆ: ನೋಟ್‌ಪ್ಯಾಡ್ ನಿಮಗರಿವಿಲ್ಲದಂತೆ ಆ ಹೆಸರಿನ ಬಾಲಕ್ಕೆ ಡಾಟ್ ಟಿಎಕ್ಸ್‌ಟಿ ಎಂಬ ಇನ್ನೊಂದು ಬಾಲವನ್ನು ಅಂಟಿಸಿಬಿಡುತ್ತದೆ, ವಿಂಡೋಸ್ ಅದನ್ನು ಮರೆಮಾಡಿ ತೋರಿಸುತ್ತದೆ, ನೀವು ಕಡತವನ್ನು ಎಷ್ಟು ಸಲ ತೆರೆದರೂ ಅದು ಪುಟವಾಗದೆ ಬರಿಯ ಟಿಪ್ಪಣಿಯಾಗಿಯೇ ತೆರೆದುಕೊಳ್ಳುತ್ತದೆ. ಉಳಿಸುವಾಗ ‘ಆಲ್ ಫೈಲ್ಸ್’ ಎಂಬುದನ್ನು ಆರಿಸಿಕೊಂಡರೆ ಈ ಪೀಡೆ ತೊಲಗುತ್ತದೆ. ಆ ಬಳಿಕ ಕಡತದ ಮೇಲೆ ಎರಡು ಸಲ ಒತ್ತಿ. ಬ್ರೌಸರಿನಲ್ಲಿ ನಿಮ್ಮೂರಿನ ಹೆಸರು ದಪ್ಪಕ್ಷರಗಳಲ್ಲಿ ಎದ್ದು ಕಾಣಿಸಿದ ಆ ಕ್ಷಣಕ್ಕೆ ನೀವು ಜಾಲಪುಟದ ಕರ್ತೃವಾದಿರಿ.

ಹೆಸರು ಕಾಣಿಸಿದರೆ, ಎನ್ನಬೇಕು. ನನಗೆ ಕಾಣಿಸಲಿಲ್ಲ. ನನ್ನ ಮೊದಲ ಪುಟಕ್ಕೆಂದು ಜಾತ್ರೆಯ ಕರಪತ್ರವೊಂದರ ಪಾಠವನ್ನು ಡಿಟಿಪಿ ಅಂಗಡಿಯೊಂದರಿಂದ ಪೆನ್‌ಡ್ರೈವಿನಲ್ಲಿ ತಂದು, ಹೆಮ್ಮೆಯಿಂದ ಅಂಟಿಸಿ, ತೆರೆದು ನೋಡಿದರೆ, ಕನ್ನಡದ ಒಂದಕ್ಷರವೂ ಇಲ್ಲದೆ, ತಲೆಯ ಮೇಲೆ ಚುಕ್ಕೆಯನ್ನೂ ಗೆರೆಯನ್ನೂ ಹೊತ್ತ ಪರದೇಶದ ಅಕ್ಷರಗಳ ಸಂತೆಯೇ ಅಲ್ಲಿ ನೆರೆದಿತ್ತು. ನಾಲ್ಕು ದಿನ ಗಣಕವನ್ನೇ ಶಪಿಸಿದೆ. ತಪ್ಪು ಗಣಕದ್ದಲ್ಲ, ಹಳೆಯ ನುಡಿ, ಬರಹ ಮೊದಲಾದ ತಂತ್ರಾಂಶಗಳ ಅಂದಿನ ಅಕ್ಷರಶೈಲಿಗಳು ರೋಮನ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ತುಂಡು ಆಕೃತಿಗಳನ್ನು ಕುಳ್ಳಿರಿಸುತ್ತಿದ್ದುವು. ಆ ಅಕ್ಷರಶೈಲಿ ಇರುವ ಗಣಕದಲ್ಲಿ ಅದು ಕನ್ನಡ. ಇಲ್ಲದ ಗಣಕದಲ್ಲಿ ವೇಷ ಕಳಚಿಬಿದ್ದ ರೋಮನ್. ಮುದ್ರಣಕ್ಕೆ ಅದು ಸಾಕಾಗಿತ್ತು, ಜಾಲಕ್ಕೆ ಸಾಲದು.

ಇದಕ್ಕೆ ಪರಿಹಾರವಾಗಿ ಬಂದುದು ಯೂನಿಕೋಡ್. 1991ರ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ವಂತ ಮನೆಗಳು ದೊರೆತವು. ‘ಕ’ ಎಂಬ ಅಕ್ಷರದ ಮನೆಯ ಸಂಖ್ಯೆ 3221, ಅದು ಹೊಸಪೇಟೆಯಲ್ಲಿಯೂ ಹ್ಯೂಸ್ಟನ್ನಿನಲ್ಲಿಯೂ 3221ನೆಯದೇ. ಈ ಸಂಖ್ಯೆಗಳನ್ನು ಕಡತದಲ್ಲಿ ಬರೆದಿಡುವ ಯುಟಿಎಫ್-8 ಎಂಬ ಕ್ರಮ ಮರುವರ್ಷ, 1992ರಲ್ಲಿ, ರೂಪುಗೊಂಡಿತು. ಅದರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು ಬೇಕು. ‘ಕೊಟ್ಟೂರು’ ಎಂಬ ಶಬ್ದವನ್ನೇ ಬಿಡಿಸಿ ನೋಡಿ: ಕ, ಒಕಾರದ ಚಿಹ್ನೆ, ಟ, ಹಲಂತ, ಮತ್ತೆ ಟ, ಊಕಾರದ ಚಿಹ್ನೆ, ರ, ಉಕಾರದ ಚಿಹ್ನೆ. ಎಂಟು ಸಂಕೇತ, 24 ಬೈಟು. ನಾವು ಬಾಲ್ಯದಲ್ಲಿ ಕಾಗುಣಿತವನ್ನೂ ಒತ್ತಕ್ಷರವನ್ನೂ ಕಲಿತ ಕ್ರಮದಲ್ಲೇ ಗಣಕವೂ ಊರಿನ ಹೆಸರನ್ನು ಕೂಡಿಸಿ ಓದುತ್ತದೆಂಬುದನ್ನು ತಿಳಿದ ದಿನ ನನಗೆ ಆ ಯಂತ್ರದ ಮೇಲೆ ಮೊದಲ ಬಾರಿಗೆ ಪ್ರೀತಿ ಹುಟ್ಟಿತು.

ಆದುದರಿಂದ ಹೆಡ್ ಭಾಗದ ಮೊದಲ ಸಾಲಿನಲ್ಲಿಯೇ ಮೆಟಾ ಎಂಬ ಗುರುತಿನಿಂದ ಯುಟಿಎಫ್-8 ಎಂದು ಸಾರಿಬಿಡಿ. ಎಚ್‌ಟಿಎಮ್‌ಎಲ್ ಗುರುತಿನಲ್ಲಿ ಭಾಷೆ ಕನ್ನಡವೆಂದು ‘ಕೆ, ಎನ್’ ಎಂಬ ಎರಡಕ್ಷರಗಳಿಂದ ಸೂಚಿಸಿ, ಏಕೆಂದರೆ ಕಣ್ಣು ಕಾಣದವರಿಗೆ ಪುಟವನ್ನು ಓದಿಹೇಳುವ ತಂತ್ರಾಂಶವು ಆ ಸೂಚನೆಯನ್ನು ನೋಡಿಯೇ ಕನ್ನಡದ ದನಿಯನ್ನು ಆರಿಸಿಕೊಳ್ಳುತ್ತದೆ. ಮೊಬೈಲಿನಲ್ಲಿ ನೀವು ಬೆರಳಾಡಿಸುವ ಕನ್ನಡ ಯೂನಿಕೋಡ್ ಕನ್ನಡವೇ; ಗೆಳೆಯನಿಗೆ ವಾಟ್ಸಾಪಿನಲ್ಲಿ ಬರೆದ ಸಾಲು ಪುಟಕ್ಕೆ ನೇರವಾಗಿ ಒಗ್ಗುತ್ತದೆ, ಸಾವಿರ ಕರಪತ್ರ ಅಚ್ಚಾದ ಹಳೆಯ ಕಡತ ಒಗ್ಗುವುದಿಲ್ಲ. ಅಂಥ ಹಳೆಯ ಪಾಠ ಬೇಕೇ ಬೇಕಾದರೆ ಯೂನಿಕೋಡ್ ಪರಿವರ್ತಕಗಳು ಪುಕ್ಕಟೆಯಾಗಿ ದೊರೆಯುತ್ತವೆ. ಪರಿವರ್ತಿಸಿದ ಮೇಲೆ ಒತ್ತಕ್ಷರಗಳನ್ನು ಒಂದೊಂದಾಗಿ ನೋಡಿಕೊಳ್ಳಿ.

ಈ ಸೌಕರ್ಯ ಬರುವ ಮುನ್ನ ಕನ್ನಡದ ಜಾಲತಾಣ ಕಟ್ಟಿದವರ ಪಾಡನ್ನು ಊಹಿಸಬೇಕು. ಮುಂಬಯಿಯ ಭಾಭಾ ಅಣುಸಂಶೋಧನ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಯು. ಬಿ. ಪವನಜ ಅವರು ‘ವಿಶ್ವ ಕನ್ನಡ’ ಎಂಬ ಅಂತರಜಾಲ ಪತ್ರಿಕೆಯನ್ನು ಆರಂಭಿಸಿದ್ದು 1996ರಲ್ಲಿ. ಕನ್ನಡದ ಮೊದಲ ಜಾಲತಾಣವೆಂದು ಹೆಸರಾದುದು ಅದೇ. ವಿಂಡೋಸ್ ಎಕ್ಸ್‌ಪಿಯೊಡನೆ ಕನ್ನಡದ ಯೂನಿಕೋಡ್ ಅಕ್ಷರಶೈಲಿ ಮನೆಮನೆಗೆ ಬಂದುದು 2001ರ ಬಳಿಕ. ಆ ಅಕ್ಷರಶೈಲಿಗೆ ಮೈಕ್ರೋಸಾಫ್ಟ್ ಇಟ್ಟ ಹೆಸರು ‘ತುಂಗಾ’. ಭದ್ರೆಯನ್ನು ಏಕೆ ಬಿಟ್ಟರೆಂದು ನಮ್ಮ ನದೀತೀರದವರು ಕೇಳಿದರೆ ತಪ್ಪಲ್ಲ.

ಪುಟದ ಅಸ್ಥಿ ಸಿದ್ಧವಾದ ಮೇಲೆ ಅಲಂಕಾರ. ಕೊಟ್ಟೂರಿನ ಗುರುಕೊಟ್ಟೂರೇಶ್ವರನ ತೇರಿನಲ್ಲಿ ಮರದ ಗಡ್ಡೆ ಬೇರೆ, ಅದಕ್ಕೆ ಸುತ್ತುವ ಬಣ್ಣದ ಬಟ್ಟೆ, ಪತಾಕೆ, ಹೂಮಾಲೆಗಳು ಬೇರೆ. ಸಿಎಸ್‌ಎಸ್ ಎಂಬುದು ಈ ಬಟ್ಟೆ-ಪತಾಕೆಗಳ ಶಾಸ್ತ್ರ. ಇಂಗ್ಲಿಷ್ ಪಾಠಗಳಲ್ಲಿ ಹೇಳಿದ ಅಳತೆಗಳು ಕನ್ನಡಕ್ಕೆ ಹೊಂದವು. ನಮ್ಮ ಲಿಪಿಯಲ್ಲಿ ಒತ್ತಕ್ಷರಗಳು ಕೆಳಕ್ಕೆ ಇಳಿಯುತ್ತವೆ, ಗುಡಿಸು ಮೇಲಕ್ಕೆ ಏರುತ್ತದೆ; ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ 1.7ರಷ್ಟಾದರೂ ಇಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಯ ಮೇಲೆ ಕೂರುತ್ತದೆ. ಅಕ್ಷರಗಳ ನಡುವೆ ಅಂತರ ಹೆಚ್ಚಿಸುವ ಚಪಲವೂ ಬೇಡ. ನೋಟೋ ಸಾನ್ಸ್ ಕನ್ನಡ, ತಿರೋ ಕನ್ನಡ ಮುಂತಾದ ಅಕ್ಷರಶೈಲಿಗಳನ್ನು ಗೂಗಲ್ ಉಚಿತವಾಗಿ ಒದಗಿಸುತ್ತದೆ; ‘ಮಲ್ಲಿಗೆ’ ಎಂಬ ಹೆಸರಿನ ಮುಕ್ತ ಅಕ್ಷರಶೈಲಿಯೂ ಒಂದುಂಟು, ಮಲ್ಲಿಗೆಗೆ ಹೆಸರಾದ ಹಡಗಲಿಯವರು ಬೇಕಾದರೆ ಅಭಿಮಾನಕ್ಕಾಗಿ ಬಳಸಿಕೊಳ್ಳಲಿ. ಚಲನೆಯನ್ನು ಕೊಡುವ ಜಾವಾಸ್ಕ್ರಿಪ್ಟಿನ ಗೊಡವೆ ಮೊದಲ ಪುಟಕ್ಕೆ ಅನವಶ್ಯಕ.

ಚಿತ್ರಗಳ ವಿಷಯದಲ್ಲಿ ಎರಡೇ ಮಾತು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಪಕ್ಷಿಧಾಮವು 2024ರಲ್ಲಿ ಜೌಗುನೆಲೆಗಳ ಅಂತಾರಾಷ್ಟ್ರೀಯ ರಾಮ್ಸಾರ್ ಪಟ್ಟಿಗೆ ಸೇರಿತಷ್ಟೆ. ಅಲ್ಲಿಯ ಕೊಕ್ಕರೆಗಳನ್ನು ಮೊಬೈಲಿನಲ್ಲಿ ಸೆರೆಹಿಡಿದರೆ ಒಂದೊಂದು ಚಿತ್ರವೂ ಮೂರು ನಾಲ್ಕು ಎಂಬಿ ತೂಗುತ್ತದೆ. ಗುಡೇಕೋಟೆಯ ಕರಡಿಧಾಮದ ಅಂಚಿನ ಹಳ್ಳಿಯಲ್ಲಿ ಸಿಗ್ನಲ್ಲಿಗಾಗಿ ಮಾಳಿಗೆ ಹತ್ತುವವನಿಗೆ ಅದು ತೆರೆಯುವುದೇ ಇಲ್ಲ. 200 ಕೆಬಿಗೆ ಇಳಿಸಿ. ಎರಡನೆಯದಾಗಿ, ಕಡತಗಳ ಹೆಸರು ಚಿಕ್ಕ ಇಂಗ್ಲಿಷ್ ಅಕ್ಷರಗಳಲ್ಲಿರಲಿ, ನಡುವೆ ತೆರಪು ಬೇಡ. ದೊಡ್ಡಕ್ಷರ ಚಿಕ್ಕಕ್ಷರಗಳ ಭೇದವನ್ನು ನಿಮ್ಮ ವಿಂಡೋಸ್ ಗಣಕ ಕ್ಷಮಿಸುತ್ತದೆ, ದೂರದ ಸರ್ವರ್ ಸಾಮಾನ್ಯವಾಗಿ ಕ್ಷಮಿಸುವುದಿಲ್ಲ. ಮನೆಯಲ್ಲಿ ಅರಳಿದ ಮಲ್ಲಿಗೆಯ ಚಿತ್ರ ಜಾಲದಲ್ಲಿ ಮುರಿದ ಚೌಕವಾಗಿ ಕಂಡರೆ ಕಾರಣವನ್ನು ಮೊದಲು ಅಲ್ಲಿ ಹುಡುಕಿ.

ಲೋಕಕ್ಕೆ ತೋರಿಸಲು ಗಿಟ್‌ಹಬ್ ಪೇಜಸ್‌ನಂತಹ ಉಚಿತ ನೆಲೆಗಳಿವೆ. ಡಾಟ್ ಇನ್ ಎಂಬ ಹೆಸರನ್ನಾಗಲಿ, ಕನ್ನಡ ಲಿಪಿಯಲ್ಲೇ ದೊರೆಯುವ ‘.ಭಾರತ’ ಎಂಬುದನ್ನಾಗಲಿ ಕೊಳ್ಳಲು ಅವಸರಿಸಬೇಡಿ. ವರ್ಷವರ್ಷವೂ ಬಾಡಿಗೆ ತೆರಬೇಕಾದ ಹೆಸರನ್ನು ಮೊದಲು ಕೊಂಡು, ಪುಟವನ್ನು ಕಡೆಗೂ ಬರೆಯದವರನ್ನು ನಾನು ಬಲ್ಲೆ.

ಇನ್ನೊಂದು ವಿಚಾರ. ಹರಪನಹಳ್ಳಿಯು 1997ರಲ್ಲಿ ಬಳ್ಳಾರಿಯನ್ನು ಬಿಟ್ಟು ದಾವಣಗೆರೆಗೆ ಸೇರಿತು, ಹೈದರಾಬಾದ್ ಕರ್ನಾಟಕಕ್ಕೆ ಸಂವಿಧಾನದ 371ಜೆ ವಿಧಿ ಕೊಟ್ಟ ವಿಶೇಷ ಸೌಲಭ್ಯ ಕೈತಪ್ಪಿತೆಂದು ಜನ ಹೋರಾಡಿದ ಮೇಲೆ 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರದ್ದಾಯಿತು. ಕೂತ ಜಾಗದಿಂದ ಕದಲದೆ ಇಪ್ಪತ್ತನಾಲ್ಕು ವರ್ಷಗಳಲ್ಲಿ ಮೂರು ಸಲ ಜಿಲ್ಲೆ ಬದಲಿಸಿದ ಆ ಊರನ್ನು ದಾವಣಗೆರೆ ಜಿಲ್ಲೆಯದೆನ್ನುವ ಹಳೆಯ ಪುಟವೊಂದು ಎದುರಾದರೆ, ಬರೆದಂದು ಅದು ಸತ್ಯವಾಗಿತ್ತೋ ಇಲ್ಲವೋ ಎಂದು ಓದುಗನು ಅರಿಯುವ ಬಗೆ ಯಾವುದು? ಶಾಸನ ಬರೆಸಿದವರು ಶಕವರ್ಷ, ಮಾಸ, ಪಕ್ಷ, ವಾರಗಳನ್ನು ಕಲ್ಲಿನಲ್ಲಿ ಕಡೆಸಿದರು. ನಿಮ್ಮ ಪುಟದ ಅಡಿಯಲ್ಲಿ, ತಿದ್ದಿದಾಗಲೆಲ್ಲ, ಆ ದಿನದ ದಿನಾಂಕವನ್ನು ದಯವಿಟ್ಟು ಬರೆಯಿರಿ.